ವಿನಾಯಿತಿ ಕೇಳಿ ಬಂದ ಗುತ್ತಿಗೆದಾರ

ಅಮೀರ್‌ಪೇಟ್‌ನಲ್ಲಿ ಹಾಸ್ಟೆಲ್ಲೊಂದನ್ನು ಕಟ್ಟುವಾಗ ಇಟ್ಟಿಗೆ ಎತ್ತುವ ತಾತ್ಕಾಲಿಕ ಲಿಫ್ಟ್ ಕುಸಿದು ನಮ್ಮ ಭಾವನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವರು ಅಲ್ಲಿ ಮೇಸ್ತ್ರಿ. ಗುತ್ತಿಗೆದಾರ ರಾಯಚೂರಿನ ಕಡೆಯವನು, ಅಕ್ಕನ ಕೈಯ ಜೋಳದ ರೊಟ್ಟಿ ಎಷ್ಟೋ ಸಲ ಉಂಡವನು. ವಿಚಾರಣೆಗೆ ಬಂದವರ ಮುಂದೆ ಅವನು ಹೇಳಿದ್ದು ಎರಡೇ ಮಾತು: ಲಿಫ್ಟ್ ಸ್ವಂತ ಕಂಪೌಂಡಿನೊಳಗಿದ್ದುದರಿಂದ ಅದಕ್ಕೆ ಪರ್ಮಿಟ್ಟಿನಿಂದ ವಿನಾಯಿತಿ ಇದೆ; ಮೇಸ್ತ್ರಿ ಯಾರನ್ನೂ ಕೇಳದೆ ತಾನೇ ಹತ್ತಿದ. ನಿಜಕ್ಕೂ ‘ಹತ್ತು’ ಎಂದವನು ಆ ಗುತ್ತಿಗೆದಾರನೇ. ಕೇಸು ಅಲ್ಲಿಗೆ ಮುಚ್ಚಿತು.

ಆರು ವರ್ಷದ ಮೇಲೆ ನಾನು ಅಂಥ ಪರ್ಮಿಟ್ ಕೊಡುವ ಕಚೇರಿಯಲ್ಲೇ ಕಿರಿಯ ಎಂಜಿನಿಯರ್ ಆಗಿದ್ದೆ. ಒಂದು ದಿನ ಅವನೇ ಅರ್ಜಿ ಹಿಡಿದು ಬಂದ. ಕುಷಾಯಿಗೂಡದಲ್ಲಿ ಕೆಲಸ, ಲಿಫ್ಟ್ ಆಗಲೇ ಕಟ್ಟಿ ಬಳಸುತ್ತಿದ್ದ. ಮತ್ತೆ ಅದೇ ವಿನಾಯಿತಿ. ಅವನಿಗೆ ನನ್ನ ಗುರುತು ಸಿಗಲಿಲ್ಲ.

“ನಾಕ ದಿನದ ಕೆಲಸರಿ ಸಾಹೇಬ್ರ. ನಮ್ಮ ಕಂಪೌಂಡಿನಾಗ ಐತಿ.”

“ನೋಡೂಣು. ನಾಳೆ ಬರ್ರಿ.”

ಹತ್ತು ದಿನ ನಾಳೆ ಎಂದೆ. ನಕ್ಷೆಯಲ್ಲಿ ಅಳತೆ ಇಲ್ಲ ಎಂದೆ, ಬರೆಸಿ ತಂದ. ಸಹಿ ಮಸುಕಾಗಿದೆ ಎಂದೆ, ಇನ್ನೊಂದು ತಂದ. ಅವನು ಕಾರಿಡಾರಿನಲ್ಲಿ ನಿಂತು ಬೆವರುವುದನ್ನು ನೋಡುತ್ತ ನಾನು ಕುಡಿದ ಚಹಾದ ರುಚಿ ಇನ್ನೂ ನೆನಪಿದೆ. ಕೊನೆಗೆ ಟೇಪು ಹಿಡಿದು ಜಾಗಕ್ಕೇ ಹೋದೆ. ಲಿಫ್ಟಿನ ಒಂದು ಕಂಬ ಫುಟ್‌ಪಾತಿನ ಮೇಲೆ ಗೇಣುದ್ದ ಚಾಚಿತ್ತು. ವಿನಾಯಿತಿ ಇಲ್ಲವೆಂದು ಬರೆದು ಕೆಲಸ ನಿಲ್ಲಿಸಿದೆ.

“ಒಂದ ಗೇಣಿಗೆ ಇಷ್ಟರಿ?” ಎಂದ.

“ಅಮೀರ್‌ಪೇಟ್ ಮೇಸ್ತ್ರಿ ನೆನಪದಾರೇನ್ರಿ? ಅವರ ಹೆಂಡ್ತಿ ತಮ್ಮ ನಾನು.”

ಅವನು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಕೂಲಿಯವರನ್ನು ಕೆಳಗಿಳಿಸಲು ಹೋದ.

ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಭಾವ ನಗುತ್ತಾರೆಂದುಕೊಂಡಿದ್ದೆ.

“ಲಿಫ್ಟಿನ ಹಗ್ಗ ನೋಡಿದೇನು?” ಎಂದರು.

“ಕಂಪೌಂಡ್ ಅಳದ್ನಿರಿ.”

“ನಾ ಹಗ್ಗ ಕೇಳಾಕತ್ತೀನಿ.”

ನೋಡಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ತಂತಿಯ ಹಗ್ಗದ ಎಳೆಗಳು ಬಿಚ್ಚಿಕೊಂಡಿದ್ದವು. ಆ ಹತ್ತೂ ದಿನ ಕೂಲಿಯವರು ಅದನ್ನೇ ನಂಬಿ ಏರಿಳಿದಿದ್ದರು. ನಾನು ಎದುರಿಗೇ ನಿಂತು ಹೊಸ ಹಗ್ಗ ಹಾಕಿಸಿದೆ, ಕಂಬ ಕೀಳಿಸಿ ಕಂಪೌಂಡಿನೊಳಗೆ ನೆಡಿಸಿದೆ. ಆಮೇಲೆ ವಿನಾಯಿತಿಯ ಕಾಗದಕ್ಕೆ ಸಹಿ ಹಾಕಿದೆ.

ಅವನನ್ನು ಓಡಾಡಿಸಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆ ಕೂಲಿಯವರ ಮುಖ ನೋಡಲು ಮಾತ್ರ ಅಂದು ನನ್ನಿಂದ ಆಗಲಿಲ್ಲ.