ಅಗಿದಷ್ಟೂ ಸಿಹಿ

ಬೈಲಹೊಂಗಲದ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ಬಾಳಕೃಷ್ಣ ಸರ್ ಹುಟ್ಟಾ ಅನುಮಾನದ ಮನುಷ್ಯ. ಹಾಲು ತಂದರೆ ಬೆರಳು ಅದ್ದಿ ನೋಡದೆ ಒಳಗೆ ಬಿಡುವವರಲ್ಲ. ಅಂಥವರ ಕಣ್ಣೆದುರೇ ಹೊಸದಾಗಿ ಬಂದ ಸುಚೇತಾ ಮೇಡಂ ಪಾಠದ ಬದಲು ವಿದ್ಯಾರ್ಥಿಗಳಿಗೆ ಜೋಳದ ರೊಟ್ಟಿ ಹಂಚಿ, "ನುಂಗಬ್ಯಾಡ್ರಿ, ಅಗೀತಾ ಇರ್ರಿ" ಎಂದರು.

ಸರ್‌ಗೆ ಮೈ ಉರಿಯಿತು. ಇದೇನು ಪಾಠವೋ, ಪಂಕ್ತಿಯೋ? ಎಂಜಲು ಮುಸುರೆಯ ಖಬರೂ ಇಲ್ಲ! ಕಿಟಕಿಯಾಚೆ ನಿಂತು ಕಣ್ಣಿಟ್ಟರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು: "ಸಿಹಿ ಆತ್ರಿ ಮೇಡಂ!"

"ಯಾಕ ಆತು? ನೀವ ವಿಚಾರ ಮಾಡಿ ಹೇಳ್ರಿ."

ಎಂಜಲು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆಂದು ವರ್ಷಾವರ್ಷ ನೋಟ್ಸ್ ಬರೆಸಿದವರು ಬಾಳಕೃಷ್ಣ ಸರ್ರೇ. ಆದರೂ ಅವರಿಗೆ ಹೊಳೆದದ್ದು ಒಂದೇ: ಈಕೆ ಹಿಟ್ಟಿಗೆ ಸಕ್ಕರೆ ಬೆರೆಸಿದ್ದಾಳೆ.

ಮಧ್ಯಾಹ್ನ ಮನೆಯಲ್ಲಿ ಪಲ್ಯ ಮುಟ್ಟದೆ ಬರೀ ರೊಟ್ಟಿ ಅಗಿಯುತ್ತಾ ಕುಳಿತರು.

"ಯಾಕ್ರಿ, ರೊಟ್ಟಿ ಬಿರುಸ ಆಗ್ಯಾವೇನು?" ಎಂದರು ಹೆಂಡತಿ ಲೀಲಾಬಾಯಿ.

ಸರ್ ಅಗಿದರು, ಅಗಿದೇ ಅಗಿದರು. ತಟ್ಟನೆ ದವಡೆ ನಿಂತಿತು: ಬಾಯೆಲ್ಲ ಸಿಹಿ! ಹೆಂಡತಿಯನ್ನು ದುರುಗುಟ್ಟಿ ನೋಡಿದರು.

"ಖರೇ ಹೇಳು. ಆ ಸುಚೇತಾ ನಿನಗೂ ಫೋನ್ ಮಾಡಿದ್ಳು, ಹೌದಿಲ್ಲೋ?"