ಡೆಲ್ಬರ್ಟ್ ಟಗಲ್‌ನ ಎಡ ಮಂಡಿ

ಆ ಮಂಡಿಯನ್ನು ಅದರ ಒಡೆಯನಿಗಿಂತ ಚೆನ್ನಾಗಿ ನಾನು ಬಲ್ಲೆ. ಹತ್ತು ತಿಂಗಳು, ವಾರಕ್ಕೆ ಆರು ದಿನ ಅದನ್ನು ಬಗ್ಗಿಸಿದ್ದೇನೆ, ಚಾಚಿಸಿದ್ದೇನೆ. ಈರೀ ಸರೋವರದ ದಂಡೆಯ ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಗಾಯಗೊಂಡ ಆಟಗಾರರಿಗೆ ವ್ಯಾಯಾಮ ಮಾಡಿಸುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ.

ಡೆಲ್ಬರ್ಟ್ ಅಲಬಾಮದವನು, ಮುನ್ನೂರು ಪೌಂಡಿನ ಆಳು. ಚೆಂಡೆಸೆಯುವವನ ಮುಂದೆ ಅಡ್ಡ ನಿಂತು ಎದುರಾಳಿಗಳನ್ನು ತಡೆಯುವುದು ಅವನ ಕೆಲಸ. ಆರು ವರ್ಷ ಆಡಿದರೂ ದಿನಸಿ ಅಂಗಡಿಯಲ್ಲಿ ಅವನನ್ನು ಯಾರೂ ಗುರುತಿಸುತ್ತಿರಲಿಲ್ಲ. ಅಕ್ಟೋಬರಿನ ಒಂದು ಆಟದಲ್ಲಿ ಸ್ವಂತ ತಂಡದವನೇ ಅವನ ಎಡಗಾಲಿನ ಮೇಲೆ ಬಿದ್ದು, ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯಿತು.

ಗಾಯಾಳು ಎಂದರೆ ನಮ್ಮಲ್ಲಿ ಅರ್ಧ ಸತ್ತವನ ಹಾಗೆ. ತಂಡ ಪರ ಊರಿಗೆ ಹೋದಾಗ ಅವನು ಇಲ್ಲೇ ಉಳಿಯುತ್ತಾನೆ. ಗೆಳೆಯರು ಚಿಕಿತ್ಸೆಯ ಕೋಣೆಯ ಬಾಗಿಲಲ್ಲೇ ನಿಂತು ಕೈಬೀಸುತ್ತಾರೆ. ಒಳಗೆ ಬಂದರೆ ಗಾಯ ಅಂಟೀತೆಂಬ ಭಯ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಕ್ರಿಸ್‌ಮಸ್ ದಿನ ಆ ದೊಡ್ಡ ಕಟ್ಟಡದಲ್ಲಿದ್ದವರು ನಾವಿಬ್ಬರೇ. ಅವನ ತಾಯಿ ಅಂಚೆಯಲ್ಲಿ ಕಳಿಸಿದ್ದ ಪೆಕಾನ್ ಪೈ ಹಂಚಿಕೊಂಡು, ಮಂಡಿಗೆ ಐಸ್ ಕಟ್ಟಿದೆವು.

ತಂಡ ಕಟ್ಟುವ ಲಿಂಡ್‌ಕ್ವಿಸ್ಟ್ ಸಾಹೇಬರು ತಾಳ್ಮೆಗೆ ಹೆಸರಾದವರು. ಹೆಸರುವಾಸಿಗಳ ಬೆನ್ನು ಹತ್ತದೆ, ಎಳೆಯರನ್ನು ಆರಿಸಿ ಮೂರು ವರ್ಷ ಪಳಗಿಸುತ್ತಾರೆ. ತಾಳಿದವನು ಬಾಳಿಯಾನು, ನಿಜ. ತಾಳುವವರು ಒಬ್ಬರು, ಜಾಗ ಬಿಡುವವರು ಇನ್ನೊಬ್ಬರು. ಡೆಲ್ಬರ್ಟ್‌ನ ಜಾಗಕ್ಕೆ ಒಬ್ಬ ಎಳೆಯ ಆಗಲೇ ಪಳಗಿದ್ದ.

ಇಲ್ಲಿನ ಕಟ್ಟಳೆ ವಿಚಿತ್ರ. ಗಾಯಾಳುವನ್ನು ಸುಮ್ಮನೆ ಕೈಬಿಡುವಂತಿಲ್ಲ. ವಾಸಿಯಾಯಿತೆಂದು ವೈದ್ಯರು ಬರೆದುಕೊಟ್ಟರೆ ಅಂದೇ ಬಿಡಬಹುದು.

ಜುಲೈ ಕೊನೆಗೆ ಪರೀಕ್ಷೆ. ಬಲಗಾಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಎಡಗಾಲಿಗೆ ಇರಬೇಕು. ಯಂತ್ರ ತೊಂಬತ್ತೊಂದು ತೋರಿಸಿತು.

"ನೋವಿದೆಯೇನೋ?" ಎಂದೆ.

"ಇಲ್ಲಮ್ಮ."

"ಸರಿಯಾಗಿ ನೋಡ್ಕೋ. ಎಲ್ಲೋ ಒಂಚೂರು ಚಳುಕು?"

ಅವನಿಗೆ ಅರ್ಥವಾಯಿತು. "ನೋವು ಮುಚ್ಚಿಡಬೇಡ ಅಂತ ಹತ್ತು ತಿಂಗಳು ನನ್ನ ತಲೆ ತಿಂದ್ರಿ. ಈಗ ಇಲ್ದಿರೋ ನೋವು ಹೇಳು ಅಂತೀರಾ?"

"ಎರಡೇ ವಾರ ಕಣೋ. ಆ ಹುಡುಗ ಮೈದಾನದಲ್ಲಿ ನಾಲ್ಕು ಸಲ ಎಡವಲಿ. ಆಗ ನಿನ್ನ ಬೆಲೆ ಗೊತ್ತಾಗತ್ತೆ."

"ಎಡವೋ ತನಕ ಯಾಕಮ್ಮ ಕಾಯೋದು? ಎದುರಿಗೇ ನಿಂತು ಅವನನ್ನ ಕೆಡವ್ತೀನಿ ಬಿಡಿ. ಇದ್ದದ್ದು ಬರೀರಿ."

ನಾನು ಎಂಬತ್ತೆಂಟು ಎಂದು ಬರೆಯಬಹುದಿತ್ತು. ತೊಂಬತ್ತೊಂದು ಎಂದೇ ಬರೆದೆ. ಮಧ್ಯಾಹ್ನದೊಳಗೆ ವೈದ್ಯರು ಸಹಿ ಹಾಕಿದರು. ಮೂರು ಗಂಟೆಗೆ ಲಿಂಡ್‌ಕ್ವಿಸ್ಟ್ ಅವನನ್ನು ಕರೆಸಿ, ಕೈಕುಲುಕಿ, ತಂಡದಿಂದ ಬಿಟ್ಟರು. ಆ ಹುಡುಗನ ಎದುರು ಅವನು ಒಂದು ಸಲವೂ ನಿಲ್ಲಲಿಲ್ಲ.

ಚೀಲ ಹೊತ್ತು ನನ್ನ ಕೋಣೆಗೆ ಬಂದ. ನನಗೆ ಅಳು ಬಂತು, ಅವನಿಗೆ ಬರಲಿಲ್ಲ.

"ಬೇರೆ ತಂಡದವರು ವಿಚಾರಿಸಿದ್ರೆ ನಿಮ್ಮ ಹೆಸರು ಹೇಳ್ತೀನಮ್ಮ. ಮಂಡಿ ಹೇಗಿದೆ ಅಂತ ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ?"

"ಹೇಳ್ತೀನಪ್ಪ. ಕಲ್ಲಿನ ಹಾಗಿದೆ ಅಂತ ಹೇಳ್ತೀನಿ."

ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಕಳೆಯಿತು. ಊಟಕ್ಕೆ ಹೋಗುವಾಗಲೂ ಫೋನು ಕೈಯಲ್ಲೇ ಹಿಡಿದುಕೊಂಡು ಹೋದೆ. ಸರೋವರ ಹೆಪ್ಪುಗಟ್ಟುವವರೆಗೂ ಆ ಮಂಡಿ ಹೇಗಿದೆಯೆಂದು ನನ್ನನ್ನು ಯಾರೂ ಕೇಳಲಿಲ್ಲ.