ಎಂಜಿನ್ ಅಂತ ಹೇಳಿದ್ದೆ

ಅದಿರಲಿ ಕಣೇ, ಮೊದಲು ಆ ಪೆನ್ನಿನಲ್ಲಿ ಶಾಯಿ ಇದೆಯಾ ನೋಡಿಕೋ. ಅರ್ಧಕ್ಕೆ ನಿಂತರೆ ಮತ್ತೆ ಹೇಳುವ ಧೈರ್ಯ ನನಗೆ ಬರುವುದಿಲ್ಲ. ನಿಮ್ಮಜ್ಜ ಹೊನ್ನಾಳಿ ಬಸ್ಸು ಹತ್ತಿದರು ತಾನೇ? ಹಾಗಾದರೆ ಬರಿ. ಅವರ ಹೆಸರು ನೀನೇ ಹಾಕಿಕೋ, ನನ್ನ ಬಾಯಲ್ಲಿ ಹೇಳಿಸಬೇಡ.

ಈಗ ಹೊನ್ನಾಳಿಯ ಅಂಗಡಿಯಲ್ಲಿ ಕೂತು ಯಾರ್‍ಯಾರಿಗೋ ಪೈಪು ಕತ್ತರಿಸಿ ಕೊಡುತ್ತಾರಲ್ಲ, ಮೊದಲು ಹಾಗಿರಲಿಲ್ಲ. ಬಸವಾಪಟ್ಟಣದ ಸುತ್ತ ಯಾರ ಬಾವಿಯ ಪಂಪು ನೀರೆತ್ತದಿದ್ದರೂ ಇವರನ್ನೇ ಕರೆಯುತ್ತಿದ್ದರು. ಸೈಕಲ್ಲಿನ ಹಿಂದೆ ಪಾನಾ, ಪೈಪಿನ ಜೋಡಣೆಗೆ ಸುತ್ತುವ ಸೆಣಬು, ಅದರ ಮೇಲೆ ಬಳಿಯುವ ಬಿಳಿ ಬಣ್ಣದ ಡಬ್ಬಿ. ಆ ಡಬ್ಬಿಯ ವಾಸನೆ ಅಂಗಿಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು. ಎಲ್ಲಿಗೆ ಹೋದೆ? ಹಾಂ, ಲಾಂಚಿನ ವಿಷಯ ಹೇಳಬೇಕಿತ್ತು.

ಎಪ್ಪತ್ತಾರರಲ್ಲಿ ಸೂಳೆಕೆರೆಗೆ ಮೀನಿನ ಗುತ್ತಿಗೆದಾರನೊಬ್ಬ ಹರಾಜಿನಲ್ಲಿ ಹಳೇ ಲಾಂಚು ತಂದ, ಎಂಜಿನ್ನಿನ ದೊಡ್ಡ ದೋಣಿ. ಒಳಗೆ ಪುಟ್ಟ ಕೋಣೆ, ಕೋಣೆಯ ಮೂಲೆಯಲ್ಲಿ ಕಕ್ಕಸು! ನೀರಿನ ಮೇಲೆ ಕಕ್ಕಸು ಕಂಡವರು ನಮ್ಮಲ್ಲಿ ಯಾರು? ಅದರ ಕಬ್ಬಿಣದ ಪೈಪು ತುಕ್ಕು ತಿಂದು ಕೆರೆಯ ನೀರೇ ಒಳಗೆ ಬರುತ್ತಿತ್ತಂತೆ. ನಿಮ್ಮಜ್ಜನನ್ನು ಕರೆದರು, ಅವರು ಒಪ್ಪಿಬಿಟ್ಟರು.

ಮೂರು ದಿನ ಹೋದರು. ಕೊನೆಯ ದಿನ ಊಟಕ್ಕೆ ಕೂತಾಗ ಮುಖದಲ್ಲಿ ಬೆಳಕು.

"ಹಳೇ ಪೈಪು ಸೀದಾ ಕೆರೆಗೆ ಬಿಡ್ತಿತ್ತು ಕಣೆ. ಊರೋರು ಕುಡಿಯೋ ನೀರು ಅದು. ನಾ ಅದ್ನ ಕಿತ್ತು ಬೀಸಾಕಿ, ಒಳಗೇ ಒಂದು ಡ್ರಮ್ ಇಟ್ಟು ಹೊಸ ಪೈಪ್ ಎಳ್ದೆ. ದೋಣಿ ಅಲ್ಲಾಡಿದ್ರೆ ಡ್ರಮ್ಮಿಂದು ವಾಪಸ್ ಬರಬಾರ್ದಲ್ಲ? ಪಂಪಿನ ವಾಲ್ವ್ ಐತಲ್ಲ, ಅದ್ನೇ ಅಡ್ಡ ಮಲಗಿಸಿ..."

"ಉಣ್ಣೋ ಹೊತ್ನಾಗೆ ಅದೇನ್ರೀ ಮಾತು! ಕೊರಳಾಗೆ ಲಿಂಗ ಕಟ್ಕಂಡೋರು ನೀವು," ಅಂದೆ.

ಅವರು ವಾಲ್ವಿನ ಮಾತು ಅಲ್ಲಿಗೇ ನುಂಗಿದರು. ಆ ಮೂರು ದಿನವೂ ಅವರ ಸ್ನಾನಕ್ಕೆ ನಾನು ನೀರು ಇಟ್ಟದ್ದು ದನದ ಕೊಟ್ಟಿಗೆಯಲ್ಲಿ, ಬಚ್ಚಲಲ್ಲಲ್ಲ. ಅದನ್ನೂ ಬರಿ.

ಎದುರು ಮನೆಯ ತಿಪ್ಪಮ್ಮ ಕೇಳಿದಳು: "ನಿಮ್ಮೋರು ಮೂರು ದಿನದಿಂದ ಕೆರೆ ಕಡೀಗೆ ಹೋಗ್ತಾರಲ್ಲ, ಏನ್ ಕೆಲ್ಸ?" ಅವರದು ಹಿಟ್ಟಿನ ಗಿರಣಿ. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಬೀಳುತ್ತಿತ್ತು. "ಲಾಂಚಿನ ಎಂಜಿನ್ ರಿಪೇರಿ ಕಣವ್ವ," ಅಂದೆ. ಬಾಯಿಗೆ ಬಂತು, ಅಂದುಬಿಟ್ಟೆ.

ಹದಿನೈದು ದಿನಕ್ಕೆ ಗಿರಣಿಯ ಡೀಸೆಲ್ ಎಂಜಿನ್ ನಿಂತಿತು. ತಿಪ್ಪಮ್ಮ ಸೀದಾ ನಮ್ಮ ಕಟ್ಟೆಗೆ ಬಂದಳು.

"ರೇವಣ್ಣಾರೇ, ಲಾಂಚಿನ ಎಂಜಿನ್ನೇ ಮಾಡಿದೋರಂತೆ, ನಮ್ದೊಂದು ನೋಡಿ ಕೊಡ್ರಿ."

ಅವರು ನನ್ನ ಮುಖ ನೋಡಿದರು. ನಾನು ಮೊರದಲ್ಲಿ ಕಲ್ಲು ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಪಂಪು, ಪೈಪು ಬಿಟ್ಟರೆ ಎಂಜಿನ್ನಿನ ವಿದ್ಯೆ ಅವರಿಗೆ ಗೊತ್ತೇ ಇರಲಿಲ್ಲ. "ನಡೀರಿ, ನೋಡಾನ," ಅಂದು ಎದ್ದರು.

ನಾನೂ ಜೋಳದ ಪುಟ್ಟಿ ಹೊತ್ತು ಹಿಂದೆ ಹೋದೆ. ಗಿರಣಿಯ ಮುಂದೆ ಇಪ್ಪತ್ತು ಹೆಂಗಸರು. ನಿಮ್ಮಜ್ಜ ಎಂಜಿನ್ ಬಿಚ್ಚಿದರು, ಒರೆಸಿದರು, ಹಾಕಿದರು, ಹ್ಯಾಂಡಲ್ ತಿರುಗಿಸಿದರು. ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮಧ್ಯಾಹ್ನದವರೆಗೂ ಅದೇ ಆಟ.

"ಲಾಂಚು ಹೆಂಗೆ ಹೊರಡ್ಸಿದ್ರಿ ಮತ್ತೆ? ಹಿಂದೆ ನಿಂತು ನೂಕಿದ್ರಾ?" ಅಂದಳು ತಿಪ್ಪಮ್ಮ.

ಹೆಂಗಸರೆಲ್ಲ ಗೊಳ್ಳೆಂದರು. ಒಬ್ಬಳು, "ಬಾಯಾಗೆ ಎಂಜಿನ್ ಓಡ್ಸಿರ್ಬೇಕು ಬಿಡವ್ವ!" ಅಂದಳು. ನಿಮ್ಮಜ್ಜನ ಕಿವಿಯವರೆಗೂ ಕೆಂಪು. 'ನಾನು ಮಾಡಿದ್ದು ಕಕ್ಕಸಿನ ಪೈಪು' ಅಂದಿದ್ದರೆ ಮುಗಿಯುತ್ತಿತ್ತು. ನಾನು ಅಂದಿದ್ದರೂ ಮುಗಿಯುತ್ತಿತ್ತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ನೋಡಿದವರಿಗೆ ನಾನೂ ನಗುತ್ತಿದ್ದೇನೆ ಅನ್ನಿಸಿರಬೇಕು.

"ನನ್ ಕೈಲಿ ಆಗಲ್ಲ ಕಣವ್ವ, ಬೇರೆಯೋರ್ನ ಕರೆಸ್ರಿ," ಅಂದು ಕೈ ಒರೆಸಿಕೊಂಡು ಹೊರಟರು.

ಮನೆಗೆ ಬಂದು ಕೇಳಿದೆ: "ಯಾಕ್ರೀ ನಿಜ ಹೇಳ್ಲಿಲ್ಲ?"

"ನಾಳೆ ಅದೇ ಬೀದೀಲಿ ನೀನು ನೀರಿಗೆ ಹೋಗ್ಬೇಕಲ್ಲ," ಅಂದರು. ಬೈಯಲಿಲ್ಲ ಕಣೇ. ಬೈದಿದ್ದರೆ ಇಷ್ಟು ವರ್ಷ ಇದು ಎದೆಯಲ್ಲಿ ಕೂರುತ್ತಿರಲಿಲ್ಲ.

ಸುಳ್ಳು ಹೇಳುವ ಮೆಕ್ಯಾನಿಕ್ ಅಂತ ಹೆಸರಾಯಿತು. ಪಂಪು ಕೆಟ್ಟರೂ ಜನ ಚನ್ನಗಿರಿಯಿಂದ ಬೇರೆಯವರನ್ನು ಕರೆಸತೊಡಗಿದರು. ಒಂದು ವರ್ಷ ಕಾದು ಸೈಕಲ್ಲು ಮಾರಿ ಹೊನ್ನಾಳಿಯ ಅಂಗಡಿಗೆ ಸೇರಿದರು. ಆ ಲಾಂಚು ಆರು ವರ್ಷ ಓಡಿತು, ಪೈಪು ಒಂದು ದಿನವೂ ಸೋರಲಿಲ್ಲವಂತೆ. ಗುತ್ತಿಗೆದಾರನ ಕಡೆಯ ಹಾಲಸ್ವಾಮಿ ಮೊನ್ನೆ ಸಿಕ್ಕಾಗ ಹೇಳಿದ. ಅದಕ್ಕೇ ಇವತ್ತು ಇದನ್ನು ಬರೆಸುತ್ತಿದ್ದೇನೆ. ಕೆರೆಯ ನೀರು ಉಳಿಸಿದವರಿಗೆ ನಾನು ಕೊಟ್ಟಿಗೆಯಲ್ಲಿ ನೀರಿಟ್ಟೆನಲ್ಲೇ.

ಸಾಕು, ಮಡಚು. ತಿಪ್ಪಮ್ಮ ಈಗ ತ್ಯಾವಣಿಗೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹತ್ತೂವರೆಯ ಬಸ್ಸಿಗೆ ಹೋಗಿ ಇದನ್ನು ಅವಳಿಗೆ ಓದಿ ಹೇಳು. ಕಿವಿ ಮಂದ, ಜೋರಾಗಿ ಓದು. ಅಕ್ಕಪಕ್ಕದವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ಬಾಗಿಲು ಹಾಕಬೇಡ.